ಎರಡು ಪಿರಿಯಡ್ ಜೋಡಿಸಿ ಕೊಡಿ: ಪ್ರೌಢಶಾಲೆಯ ವೇಳಾಪಟ್ಟಿ ಬರೆಯುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಪ್ರೌಢಶಾಲೆಗಳಲ್ಲಿ ವಿಜ್ಞಾನ, ಗಣಿತ ಕಲಿಸುವವರ ಪರವಾಗಿ ಈ ಪತ್ರ. ಮುಖ್ಯವಾಗಿ ಕೇಳುವುದು ಒಂದೇ. 8, 9, 10ನೇ ತರಗತಿಯ ಪ್ರತಿ ವಿಭಾಗಕ್ಕೂ ಈಗಾಗಲೇ ಇರುವ ವಿಜ್ಞಾನ ಪಿರಿಯಡ್‌ಗಳಲ್ಲಿ ವಾರಕ್ಕೊಮ್ಮೆ ಎರಡನ್ನು ಒಂದರ ಬೆನ್ನಿಗೆ ಒಂದು ಬರುವಂತೆ ಜೋಡಿಸಿ ಕೊಡಿ. ಹೆಚ್ಚಿನ ಪಿರಿಯಡ್ ಬೇಡ. ಹೊಸ ಹುದ್ದೆ, ಹೊಸ ಕೊಠಡಿ ಈ ಪತ್ರದ ವಿಷಯವಲ್ಲ.

ಚಟುವಟಿಕೆ ಆಧಾರಿತ ಪಾಠ ಮಾಡಿ, ಮಕ್ಕಳೇ ಕೈಯಾರೆ ಮಾಡಿ ಕಲಿಯಲಿ ಎಂಬ ಮಾತಿಗೆ ನಮ್ಮಲ್ಲಿ ಯಾರ ವಿರೋಧವೂ ಇಲ್ಲ. ಆದರೆ ಇಂಥ ಪಾಠಗಳು ಎಲ್ಲಿ ಮುಗ್ಗರಿಸುತ್ತವೆ ಎಂದು ನೋಡಿದರೆ ಹತ್ತರಲ್ಲಿ ಏಳೆಂಟು ಸಲ ತಪ್ಪು ಪಾಠದಲ್ಲೂ ಇರುವುದಿಲ್ಲ, ಶಿಕ್ಷಕರಲ್ಲೂ ಇರುವುದಿಲ್ಲ. ಗಂಟೆ ಹೊಡೆದಿರುತ್ತದೆ, ಅಷ್ಟೇ.

ನಿಮಿಷದ ಲೆಕ್ಕ ಹಾಕೋಣ. ಪಿರಿಯಡ್ 40 ನಿಮಿಷದ್ದು, ತರಗತಿಯಲ್ಲಿ 50 ಮಕ್ಕಳು, ಐವರಂತೆ 10 ಗುಂಪು. ತರಗತಿಯಿಂದ ಪ್ರಯೋಗಾಲಯಕ್ಕೆ ಬಂದು ಕೂರಲು 4 ನಿಮಿಷ. ಏನು ಮಾಡಬೇಕು, ಯಾವುದನ್ನು ಮುಟ್ಟಬಾರದು ಎಂದು ಹೇಳಲು 5. ಹತ್ತು ಮೇಜಿಗೂ ಸಾಮಾನು ಹಂಚಲು 6. ಕೊನೆಯಲ್ಲಿ ತೊಳೆದು, ಎಣಿಸಿ, ಕಪಾಟಿಗೆ ಸೇರಿಸಲು 5. ಅಲ್ಲಿಗೆ 20 ಹೋಯಿತು. ಉಳಿದ 20ರಲ್ಲಿ ಪ್ರಯೋಗ ಆಗಬೇಕು, ಅಳತೆ ಬರೆಯಬೇಕು, ಏಕೆ ಹೀಗಾಯಿತು ಎಂಬ ಮಾತೂ ಆಗಬೇಕು. ಪಾಠದ ಜೀವ ಇರುವುದು ಆ ಕೊನೆಯ ಮಾತಿನಲ್ಲಿ. ಹೊತ್ತು ಸಾಲದಾಗ ಮೊದಲು ಬಿಟ್ಟುಹೋಗುವುದೂ ಅದೇ.

ಈಗ 80 ನಿಮಿಷದ ಜೋಡಿ ಪಿರಿಯಡ್ ತೆಗೆದುಕೊಳ್ಳಿ. ಬರುವುದು, ಹಂಚುವುದು, ತೊಳೆಯುವುದು ಇಲ್ಲೂ ಅದೇ 20. ಕೈಗೆ ಸಿಗುವುದು 60. ಎರಡು ಬಿಡಿ ಪಿರಿಯಡ್‌ನಿಂದ ಸಿಗುವುದು 20 ಮತ್ತು 20, ಒಟ್ಟು 40. ಒಂದು ಪೈಸೆ ಖರ್ಚಿಲ್ಲದೆ ವಾರಕ್ಕೆ 20 ನಿಮಿಷದ ಲಾಭ. ಅದಕ್ಕಿಂತ ದೊಡ್ಡದು, ಆ 60 ನಿಮಿಷ ನಡುವೆ ಕಡಿಯದೆ ಸಿಗುತ್ತದೆ.

ಕಡಿಯದಿರುವುದು ಯಾಕೆ ಮುಖ್ಯ ಎಂಬುದಕ್ಕೆ ಹತ್ತನೇ ತರಗತಿಯ ಮೊದಲ ಅಧ್ಯಾಯವೇ ಸಾಕು. ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟು, ಕಬ್ಬಿಣ ತಾಮ್ರವನ್ನು ಹೊರದೂಡಿ ಅದರ ಜಾಗ ಹಿಡಿಯುವ ಸ್ಥಾನಪಲ್ಲಟ ಕ್ರಿಯೆ ತೋರಿಸುವ ಚಟುವಟಿಕೆ. ಪ್ರತಿ ಗುಂಪಿಗೆ ಶೇ. 5ರ ದ್ರಾವಣ 20 ಮಿ.ಲೀ. ಸಾಕು, ಅಂದರೆ ಹತ್ತು ಗುಂಪಿಗೆ ಒಟ್ಟು 10 ಗ್ರಾಂ ಮೈಲುತುತ್ತ. ಮೊಳೆಯನ್ನು ಸ್ಯಾಂಡ್‌ಪೇಪರಿನಲ್ಲಿ ಫಳಫಳ ಹೊಳೆಯುವವರೆಗೆ ಉಜ್ಜಬೇಕು. ಅಂಗಡಿಯಿಂದ ಬಂದ ಮೊಳೆಗೆ ಎಣ್ಣೆಯ ಪಸೆ ಇರುತ್ತದೆ, ಅದು ಹೋಗದಿದ್ದರೆ ತಾಮ್ರ ಅಲ್ಲಲ್ಲಿ ಮಚ್ಚೆಮಚ್ಚೆಯಾಗಿ ಹಿಡಿಯುತ್ತದೆ. ಬಿಳಿಯಾಗಿ ಹೊಳೆಯುವ ಜಿ.ಐ. ಮೊಳೆ ತಂದರೆ ಪಾಠವೇ ಕೆಡುತ್ತದೆ. ಅದರ ಮೇಲಿರುವುದು ಸತುವಿನ ಲೇಪ. ಸತು ಬೇಗ ವರ್ತಿಸಿ ಕಪ್ಪು ಮಸಿಯಂಥ ಪದರ ಕೂರಿಸುತ್ತದೆ, ಮಕ್ಕಳು 'ತಾಮ್ರ ಕಪ್ಪು' ಎಂದು ಬರೆದುಕೊಳ್ಳುತ್ತಾರೆ.

ಎಲ್ಲ ಸರಿಯಿದ್ದರೆ ಮೊಳೆ ಕೆಂಪಾಗುವುದು ಐದು ನಿಮಿಷದೊಳಗೆ ಕಾಣುತ್ತದೆ. ಆದರೆ ಪಾಠದ ಅರ್ಧ ಭಾಗ ದ್ರಾವಣದಲ್ಲಿದೆ: ನೀಲಿ ಮಾಸಿ ತಿಳಿಹಸಿರಿನ ಕಡೆಗೆ ತಿರುಗಬೇಕು. ಒಂದೇ ಮೊಳೆ, ಶೇ. 5ರ ದ್ರಾವಣ ಎಂದಾದರೆ ಆ ಬದಲಾವಣೆ ಬರಿಗಣ್ಣಿಗೆ ಖಚಿತವಾಗುವ ಹೊತ್ತಿಗೆ ಮುಂದಿನ ಪಿರಿಯಡ್‌ನ ಸಮಾಜ ವಿಜ್ಞಾನವೂ ಅರ್ಧ ಮುಗಿದಿರುತ್ತದೆ. ದ್ರಾವಣವನ್ನು ಶೇ. 1ಕ್ಕೆ ಇಳಿಸಿ, ಮೂರು ಮೊಳೆ ಹಾಕಿ, ಪಕ್ಕದಲ್ಲಿ ಮೊಳೆ ಹಾಕದ ಇನ್ನೊಂದು ಪ್ರನಾಳ ಇಟ್ಟು, ಎರಡಕ್ಕೂ ಹಿಂದೆ ಬಿಳಿ ಕಾಗದ ಹಿಡಿದರೆ ಬೇಗ ಗೊತ್ತಾಗುತ್ತದೆ. ಆಗಲೂ ಅರ್ಧ ಗಂಟೆಯಾದರೂ ಕಾಯಬೇಕು.

ಮಲೆನಾಡು, ಕರಾವಳಿಯ ಅಡಿಕೆ ಸೀಮೆಯ ಶಾಲೆಗಳಲ್ಲಿ ಆ ಕಾಯುವ ಹೊತ್ತಿಗೆ ಬಹಳ ಬೆಲೆಯಿದೆ. ಈ ಅಧ್ಯಾಯ ನಡೆಯುವುದು ಜೂನ್‌ನಲ್ಲಿ. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವುದೂ ಅದೇ ಆಸುಪಾಸಿನಲ್ಲಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ತೋಟದ ಮನೆಯ ಮಕ್ಕಳಿಗೆ ಬಾಯಿಪಾಠ. ದ್ರಾವಣ ಹದಕ್ಕೆ ಬಂತೇ ಎಂದು ನೋಡಲು ಮನೆಯ ಹಿರಿಯರು ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಕತ್ತಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕು ಎಂದರ್ಥ. ಪುಸ್ತಕದ ಮೊಳೆ, ತೋಟದ ಕತ್ತಿ ಎರಡೂ ಒಂದೇ ಕ್ರಿಯೆ. 'ಸುಣ್ಣ ಹೆಚ್ಚಿಸಿದ ಮೇಲೆ ಕತ್ತಿ ಯಾಕೆ ಕೆಂಪಾಗುವುದಿಲ್ಲ?' ಎಂಬ ಪ್ರಶ್ನೆ ಹಾಕಿ, ಉಳಿದ ಮೈಲುತುತ್ತಕ್ಕೆ ಸುಣ್ಣದ ಹಾಲು ಬೆರೆಸಿ, ಹೊಸ ಮೊಳೆ ಅದ್ದಿ ನೋಡಲು ಹದಿನೈದು ನಿಮಿಷ ಬೇಕು. ಮೊದಲ ಮೊಳೆಯ ನೀಲಿ ಮಾಸುವವರೆಗಿನ ಬಿಡುವು ಇದಕ್ಕೆಂದೇ ಇದ್ದಂತಿದೆ. 40 ನಿಮಿಷದಲ್ಲಿ ಇದು ಆಗದು.

ವಿದ್ಯುತ್ ಹರಿಸಿ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಬಿಡಿಸುವ ವಿದ್ಯುದ್ವಿಭಜನೆಯ ಕಥೆ ಬೇರೆ. ಇಲ್ಲಿ ಕೆಡುವುದು ಅಳತೆ. ಪ್ಲಾಸ್ಟಿಕ್ ಮಗ್ಗಿನ ತಳಕ್ಕೆ ಎರಡು ತೂತು, ರಬ್ಬರ್ ಬಿರಡೆ, ಅದರಲ್ಲಿ ಕಾರ್ಬನ್ ಕಡ್ಡಿ, 6 ವೋಲ್ಟ್ ಬ್ಯಾಟರಿ, ಕೆಲವೇ ಹನಿ ಸಾರರಿಕ್ತ ಗಂಧಕಾಮ್ಲ, ನೀರು ತುಂಬಿ ಬೋರಲಿಟ್ಟ ಎರಡು ಪ್ರನಾಳ. ಬಿರಡೆಯ ಸುತ್ತ ಸೋರಿದರೆ ಮೇಣ ಕರಗಿಸಿ ಸುರಿಯಬಹುದು. ಆಮ್ಲದ ಬದಲು ಅಡುಗೆ ಉಪ್ಪು ಹಾಕಬಾರದು, ಧನಾಗ್ರದಲ್ಲಿ ಕ್ಲೋರಿನ್ ಬಂದು ಕೊಠಡಿ ತುಂಬ ಘಾಟು. ಕಡ್ಡಿಯ ಬದಲು ಕಬ್ಬಿಣದ ಮೊಳೆ ಇಟ್ಟರೆ ಧನಾಗ್ರದ ಮೊಳೆಯೇ ಕರಗಿ ನೀರು ಕಂದಾಗುತ್ತದೆ.

ಅನಿಲ ಎಷ್ಟು ಹೊತ್ತಿಗೆ ಬರುತ್ತದೆ? 0.1 ಆಂಪಿಯರ್ ಹರಿದರೆ ನಿಮಿಷಕ್ಕೆ ಸುಮಾರು ಮುಕ್ಕಾಲು ಮಿ.ಲೀ. ಹೈಡ್ರೋಜನ್. 15 ಮಿ.ಲೀ. ತುಂಬಲು 20 ನಿಮಿಷ. ಬಿಡಿ ಪಿರಿಯಡ್‌ನಲ್ಲಿ ಉಳಿಯುವುದೇ ಆ 20. ಇನ್ನು ಹೈಡ್ರೋಜನ್ ಎರಡು ಪಾಲು, ಆಕ್ಸಿಜನ್ ಒಂದು ಪಾಲು, ಅಂದರೆ 2:1 ಎಂಬ ಅನುಪಾತ. ಕಾರ್ಬನ್ ಕಡ್ಡಿಯಲ್ಲಿ ಅದು ಸುಲಭಕ್ಕೆ ಬರುವುದೇ ಇಲ್ಲ. ಹೈಡ್ರೋಜನ್ 12 ಮಿ.ಲೀ. ಆದಾಗ ಆಕ್ಸಿಜನ್ 6 ಆಗುವ ಬದಲು 4 ಅಥವಾ 5ರಲ್ಲಿ ನಿಂತಿರುತ್ತದೆ. ಆಕ್ಸಿಜನ್‌ನ ಒಂದು ಪಾಲು ನೀರಿನಲ್ಲಿ ಕರಗುತ್ತದೆ, ಇನ್ನೊಂದು ಪಾಲು ಕಡ್ಡಿಯ ಕಾರ್ಬನ್ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಮೊದಲು ಹತ್ತು ನಿಮಿಷ ಪ್ರನಾಳ ಇಡದೆ ವಿದ್ಯುತ್ ಹರಿಸಿ, ಆಮೇಲೆ ಅದೇ ಮಗ್ಗಿನ ದ್ರಾವಣವನ್ನೇ ಪ್ರನಾಳಕ್ಕೆ ತುಂಬಿ ಇಟ್ಟರೆ ಕರಗುವ ನಷ್ಟ ತಗ್ಗಿ ಅಳತೆ ಸುಧಾರಿಸುತ್ತದೆ. ಆ ಹತ್ತು ನಿಮಿಷ ಎಲ್ಲಿಂದ ತರುವುದು? ತರಲಾಗದಿದ್ದಾಗ ಆಗುವುದು ಇಷ್ಟೆ: ಮಗು ಕಣ್ಣಾರೆ 12 ಮತ್ತು 4 ನೋಡುತ್ತದೆ, ದಾಖಲೆ ಪುಸ್ತಕದಲ್ಲಿ 12 ಮತ್ತು 6 ಎಂದು ಬರೆಯುತ್ತದೆ. ಕಂಡದ್ದನ್ನು ಬಿಟ್ಟು ಬರೆಯಬೇಕಾದ್ದನ್ನು ಬರೆಯುವ ಅಭ್ಯಾಸ ಶುರುವಾಗುವುದು ಹೀಗೆ. ಇದನ್ನು ನಾವು ಸಣ್ಣ ವಿಷಯ ಎಂದುಕೊಂಡಿಲ್ಲ.

ಸ್ಮಾರ್ಟ್‌ಬೋರ್ಡಿನಲ್ಲಿ ವಿಡಿಯೊ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಹಾಕುತ್ತೇವೆ. ಆದರೆ ವಿಡಿಯೊದಲ್ಲಿ ಮೊಳೆ ಯಾವಾಗಲೂ ಕೆಂಪಾಗುತ್ತದೆ, ಆಕ್ಸಿಜನ್ ಯಾವಾಗಲೂ ಸರಿಯಾಗಿ ಅರ್ಧವೇ ಇರುತ್ತದೆ.

ವೋಲ್ಟೇಜ್ ಏರಿದಷ್ಟೇ ಪ್ರವಾಹವೂ ಏರುತ್ತದೆ ಎಂಬ ಓಮನ ನಿಯಮದಲ್ಲಿ ಸಾಮಾನಿನದೇ ತೊಡಕು. ಪುಸ್ತಕ ಹೇಳುವುದು ಅರ್ಧ ಮೀಟರ್ ನೈಕ್ರೋಮ್ ತಂತಿ, ನಾಲ್ಕು ಸೆಲ್. 28 ಗೇಜಿನ ತಂತಿ ಮೀಟರಿಗೆ ಸುಮಾರು 10 ಓಮ್, ಅರ್ಧ ಮೀಟರಿಗೆ 5. ಒಂದು ಸೆಲ್ಲಿಗೆ 0.3 ಆಂಪಿಯರ್, ಎರಡಕ್ಕೆ 0.6. ಶಾಲೆಯಲ್ಲಿರುವುದು 500 ಮಿಲಿಆಂಪಿಯರಿನ ಅಮ್ಮೀಟರ್ ಆದರೆ ಎರಡನೇ ಸೆಲ್ಲಿಗೇ ಮುಳ್ಳು ಅಂಚಿಗೆ ಬಡಿಯುತ್ತದೆ. 3 ಆಂಪಿಯರಿನದಾದರೆ ಮುಳ್ಳು ಸ್ವಲ್ಪವೇ ಸರಿದು, ಓದುವುದು ಅಂದಾಜಿನ ಮೇಲೆ. ಇದಕ್ಕೊಂದು ಅಗ್ಗದ ದಾರಿಯಿದೆ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ 1000 ವ್ಯಾಟಿನ ಸ್ಟೌ ಕಾಯಿಲ್ 230 ವೋಲ್ಟಿಗೆ ಹೆಚ್ಚುಕಡಿಮೆ 53 ಓಮ್. ಸುತ್ತು ಎಣಿಸಿ ಸಮನಾಗಿ ನಾಲ್ಕು ತುಂಡು ಮಾಡಿದರೆ ತುಂಡಿಗೆ ಸುಮಾರು 13 ಓಮ್. ನಾಲ್ಕು ಸೆಲ್ ಹಾಕಿದರೂ 0.46 ಆಂಪಿಯರ್, 500 ಮಿಲಿಆಂಪಿಯರಿನ ಒಳಗೇ. ಮೂರು ಕಾಯಿಲಿನಲ್ಲಿ ಹನ್ನೆರಡು ತುಂಡು: ಹತ್ತು ಗುಂಪಿಗೆ ಹತ್ತು, ಎರಡು ಮಿಗುತ್ತದೆ. ತುಂಡನ್ನು ಸ್ವಲ್ಪ ಎಳೆದು, ಸುತ್ತುಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಬೇಕು. ತಾಗಿದರೆ ರೋಧ ತಗ್ಗಿ ಲೆಕ್ಕ ತಪ್ಪುತ್ತದೆ.

ತಂತಿ ಸಿಗದೆ ಟಾರ್ಚಿನ ಬಲ್ಬ್ ಹಾಕಿದರೆ ನಕ್ಷೆ ನೇರವಾಗಿ ಬರುವುದಿಲ್ಲ. ಫಿಲಮೆಂಟ್ ಬಿಸಿಯಾದಂತೆ ರೋಧ ಏರಿ ಗೆರೆ ಬಾಗುತ್ತದೆ. ಅದೂ ಒಳ್ಳೆಯ ಪಾಠವೇ, ಆದರೆ ಮೊದಲ ದಿನಕ್ಕಲ್ಲ. ವೋಲ್ಟ್‌ಮೀಟರನ್ನು ಸೆಲ್ಲಿನ ಮೇಲೆ ಬರೆದ 1.5ಕ್ಕೆ ಹೋಲಿಸಿ ಮಕ್ಕಳು ಗಾಬರಿಯಾಗುತ್ತಾರೆ. ಹಳೆಯ ಸೆಲ್ ಪ್ರವಾಹ ಕೊಡುವಾಗ 1.2ಕ್ಕೆ ಇಳಿದಿರುತ್ತದೆ. ಮೀಟರ್ ತೋರಿಸಿದ್ದನ್ನೇ ಬರೆಯಬೇಕು, ಸೆಲ್ಲಿನ ಮೇಲಿನ ಚೀಟಿಯನ್ನಲ್ಲ. ಪ್ರತಿ ಸೆಲ್ ಸೇರಿಸಿದಾಗಲೂ ಓದುವ ಮಗು ಬದಲಾಗಲಿ. ನಾಲ್ಕು ಓದಿಗೆ ನಾಲ್ವರು, ನಕ್ಷೆಗೆ ಐದನೆಯವರು. ಇಲ್ಲದಿದ್ದರೆ ಗುಂಪಿನ ಒಬ್ಬ ಜಾಣ ಎಲ್ಲವನ್ನೂ ಮಾಡಿ ಮುಗಿಸುತ್ತಾನೆ, ಉಳಿದ ನಾಲ್ವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿರುತ್ತಾರೆ. ಹೀಗೆ ಸರದಿಯಲ್ಲಿ ಮಾಡಿಸಲು ಮಾತ್ರ ಎರಡು ಪಟ್ಟು ಹೊತ್ತು ಹಿಡಿಯುತ್ತದೆ.

ಈರುಳ್ಳಿ ಸಿಪ್ಪೆಯ ಸ್ಲೈಡಿಗೆ ಹೆಚ್ಚು ಮಾತು ಬೇಡ. ಒಂದೇ ಸೂಕ್ಷ್ಮದರ್ಶಕ, 50 ಮಕ್ಕಳು, ತಲೆಗೆ 40 ಸೆಕೆಂಡ್ ಎಂದರೂ 33 ನಿಮಿಷ. ಕಣ್ಣಿಟ್ಟ ಮಗುವಿಗೆ ಕಂಡದ್ದು ಕೋಶವೋ ಗಾಳಿಗುಳ್ಳೆಯೋ ಎಂದು ಕೇಳುವಷ್ಟೂ ಪುರುಸೊತ್ತಿಲ್ಲ.

ಬಿಸಿಲಲ್ಲಿ ಎಲೆ ಪಿಷ್ಟ ತಯಾರಿಸುತ್ತದೆ ಎಂದು ಅಯೋಡಿನ್ ಹನಿಸಿ ತೋರಿಸುವ ದ್ಯುತಿಸಂಶ್ಲೇಷಣೆಯ ಪ್ರಯೋಗ ಮಾತ್ರ ಜೋಡಿ ಪಿರಿಯಡ್ ಕೊಟ್ಟರೂ ಪೂರ್ತಿ ಬಗೆಹರಿಯದು. ಹಾಗಾಗಿ ಇಲ್ಲಿ ಇನ್ನೊಂದು ಸಣ್ಣ ಸಡಿಲಿಕೆ ಬೇಕು. ಗಿಡವನ್ನು ಮೂರು ದಿನ ಕತ್ತಲಲ್ಲಿಟ್ಟು, ಆಮೇಲೆ ಸುಮಾರು ಆರು ಗಂಟೆ ಬಿಸಿಲಿಗಿಟ್ಟು ಎಲೆ ಕೀಳಬೇಕು. ಬೆಳಿಗ್ಗೆ 11ರ ಪಿರಿಯಡ್‌ಗೆ ಆ ದಿನದ ಎಲೆ ಸಿದ್ಧವಾಗಿರುವುದಿಲ್ಲ. ಹಿಂದಿನ ಸಂಜೆ ಕಿತ್ತು ಹಾಗೇ ಇಟ್ಟರೆ ರಾತ್ರಿಯಲ್ಲಿ ಪಿಷ್ಟ ಕರಗುತ್ತದೆ. ಅದಕ್ಕೆ ಸಂಜೆಯೇ ಎಲೆಯನ್ನು ಕುದಿವ ನೀರಿಗೆ ಅದ್ದಿ ತೆಗೆದು, ಸ್ಪಿರಿಟ್ ತುಂಬಿದ ಮುಚ್ಚಳದ ಬಾಟಲಿಯಲ್ಲಿಡಬೇಕು. ಕೋಲಿಯಸ್‌ನಂಥ ತೆಳು ಎಲೆಯಾದರೆ ಬೆಳಗಾಗುವಷ್ಟರಲ್ಲಿ ಬಣ್ಣ ಬಿಟ್ಟಿರುತ್ತದೆ. ಮನಿಪ್ಲಾಂಟಿನ ಎಲೆಗೆ ಮೇಣದ ಹೊದಿಕೆ, ಅದು ಹಠಮಾರಿ. ತರಗತಿಯಲ್ಲಿ ಎಲೆಯನ್ನು ಬಿಸಿನೀರಲ್ಲಿ ಮೆದುಮಾಡಿ, ಮೆಡಿಕಲ್ ಅಂಗಡಿಯ ಪೊವಿಡೋನ್ ಅಯೋಡಿನ್ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಹನಿಸಿದರೆ ಆಯಿತು. ಇದರಲ್ಲಿ ಇನ್ನೊಂದು ಅನುಕೂಲ, ಸ್ಪಿರಿಟ್ ಇರುವ ಬೀಕರಿನ ಹತ್ತಿರ ಬೆಂಕಿಯೇ ಬರುವುದಿಲ್ಲ. ತರಗತಿಯಲ್ಲೇ ಬಣ್ಣ ತೆಗೆಯುವುದಾದರೆ ಸ್ಪಿರಿಟ್ಟಿನ ಪ್ರನಾಳವನ್ನು ಬಿಸಿನೀರಿನ ಬೀಕರಿನಲ್ಲೇ ಇಡಬೇಕು, ಜ್ವಾಲೆಗೆ ಹಿಡಿಯಕೂಡದು. 78 ಡಿಗ್ರಿಗೇ ಕುದಿಯುವ ದ್ರವ ಅದು, ಆವಿಗೆ ಬೆಂಕಿ ತಗಲಲು ಕ್ಷಣ ಸಾಕು.

ಆದರೆ ಜುಲೈನಲ್ಲಿ ಮಲೆನಾಡಿನ ಶಾಲೆಯ ಅಂಗಳದಲ್ಲಿ ಆರು ಗಂಟೆ ಬಿಸಿಲು ಎಲ್ಲಿದೆ? ಈ ಪಾಠವನ್ನು ಅಕ್ಟೋಬರಿಗೆ ಒಯ್ಯುವ ಅಧಿಕಾರ ಆ ಶಾಲೆಗಿರಲಿ. ವರ್ಷದ ನಡುವೆ ನಡೆಯುವ ರೂಪಣಾತ್ಮಕ ಪರೀಕ್ಷೆಗೆ ಇಂತಿಂಥ ಅಧ್ಯಾಯ ಎಂದು ರಾಜ್ಯಕ್ಕೆಲ್ಲ ಒಂದೇ ತಿಂಗಳು ಗೊತ್ತುಮಾಡಿದರೆ ಬಳ್ಳಾರಿಯ ಬಿಸಿಲಿನ ಲೆಕ್ಕದಲ್ಲಿ ಆಗುಂಬೆಯವರೂ ಪ್ರಯೋಗ ಮಾಡಬೇಕಾಗುತ್ತದೆ.

ಗಣಿತದವರ ಬೇಡಿಕೆ ಕಡಿಮೆ: ತಿಂಗಳಿಗೊಂದು ಜೋಡಿ. ನಾಣ್ಯ ಚಿಮ್ಮಿಸುವ ಸಂಭವನೀಯತೆಯ ಪಾಠ ಬಿಡಿ ಪಿರಿಯಡ್‌ನಲ್ಲೇ ಸೊಗಸಾಗಿ ಆಗುತ್ತದೆ. 50 ಮಕ್ಕಳು ತಲಾ 20 ಸಲ ಚಿಮ್ಮಿದರೆ ಒಟ್ಟು 1000, ತಲೆ ಬಿದ್ದದ್ದು ಸಾಮಾನ್ಯವಾಗಿ 470ರಿಂದ 530ರೊಳಗೆ. ಎಚ್ಚರ ವಹಿಸಬೇಕಾದ್ದು ಮಕ್ಕಳ 'ತಿದ್ದುಪಡಿ'ಗೆ. 20ರಲ್ಲಿ ಸರಿಯಾಗಿ 10 ತಲೆ ಬೀಳುವುದು 50 ಮಕ್ಕಳಲ್ಲಿ ಸುಮಾರು 9 ಮಂದಿಗೆ. ಮೂವತ್ತು ಮಂದಿ 10 ಎಂದು ಬರೆದಿದ್ದರೆ ನಾಣ್ಯ ಚಿಮ್ಮಿದ್ದು ಪುಸ್ತಕದಲ್ಲಿ ಎಂದು ತಿಳಿಯಬೇಕು. ಹಾಗೆಂದು ಅವರ ಮುಂದೆಯೇ ಹೇಳಿ, ಈ 9ರ ಲೆಕ್ಕ ತೋರಿಸಿದರೆ ಅದೇ ಆ ದಿನದ ಅತ್ಯುತ್ತಮ ಪಾಠ.

ಜೋಡಿ ಬೇಕಾಗುವುದು ತ್ರಿಕೋನಮಿತಿಯ ಅನ್ವಯಕ್ಕೆ. ಕೋನಮಾಪಕ, ತಂಪುಪಾನೀಯದ ಕೊಳವೆ, ದಾರ, ತೂಕಕ್ಕೊಂದು ನಟ್ಟು ಸೇರಿಸಿ ಧ್ವಜಸ್ತಂಭದ ಎತ್ತರ ಅಳೆಯುವ ಕೆಲಸ. ದಾರ ತೋರಿಸುವ ಅಂಕಿಯನ್ನು 90ರಿಂದ ಕಳೆದರೆ ಉನ್ನತ ಕೋನ, ಅಂದರೆ ಕಂಬದ ತುದಿ ನೋಡಲು ಕಣ್ಣಿನ ಮಟ್ಟದಿಂದ ಮೇಲೇರುವ ಕೋನ. ಅರ್ಧ ತರಗತಿ ಕಳೆಯಲು ಮರೆಯುತ್ತದೆ. 45 ಡಿಗ್ರಿ ಬರುವ ಜಾಗದಲ್ಲಿ ನಿಲ್ಲಿಸಿದರೆ ಕಳೆದರೂ ಬಿಟ್ಟರೂ ಉತ್ತರ ಒಂದೇ, ತಪ್ಪು ಬಯಲಾಗುವುದಿಲ್ಲ. ಆದ್ದರಿಂದ ಮೊದಲ ಅಳತೆ 30ರ ಹತ್ತಿರ ಇರಲಿ, ಎರಡನೆಯದು 45ರ ಹತ್ತಿರ. ಕೋನ ಓದುವಾಗ ಒಂದು ಡಿಗ್ರಿ ತಪ್ಪಿದರೆ 45ರಲ್ಲಿ ಎತ್ತರ ಶೇ. 3.5ರಷ್ಟು ಕೆಡುತ್ತದೆ, 75ರಲ್ಲಿ ಶೇ. 7ರಷ್ಟು. ಕಂಬದ ಬುಡಕ್ಕೆ ಅಂಟಿ ನಿಂತು ಅಳೆದವರ ಉತ್ತರ ಯಾಕೆ ಕುಣಿಯುತ್ತದೆ ಎಂಬುದಕ್ಕೆ ಇದೇ ಕಾರಣ. ಕಣ್ಣಿನ ಎತ್ತರ ಸೇರಿಸಬೇಕು. ಟೇಪು ಕಟ್ಟೆಯ ಅಂಚಿಗೆ ನಿಲ್ಲುತ್ತದೆ, ಕಂಬ ಇರುವುದು ಕಟ್ಟೆಯ ನಡುವೆ, ಹಾಗಾಗಿ ಕಟ್ಟೆಯ ಅರ್ಧ ಅಗಲ ಕೂಡಿಸಬೇಕು. ಎರಡೂ ಜಾಗದಿಂದ ಬಂದ ಎತ್ತರ ಹೊಂದದಿದ್ದರೆ ಮತ್ತೆ ಹೊರಗೆ ಹೋಗಿ ಅಳೆಯಬೇಕು. ಈ 'ಮತ್ತೆ' ಎಂಬುದು ಬಿಡಿ ಪಿರಿಯಡ್‌ನಲ್ಲಿ ಇಲ್ಲವೇ ಇಲ್ಲ.

ಇನ್ನು ವೇಳಾಪಟ್ಟಿಯ ಕೆಲಸ. ದಿನಕ್ಕೆ ಏಳು ಪಿರಿಯಡ್ ಇರುವ ಶಾಲೆಯಲ್ಲಿ ಸಣ್ಣ ಬಿಡುವು, ಬಿಸಿಯೂಟ ಇವುಗಳನ್ನು ದಾಟದೆ ಕೂರುವ ಜೋಡಿಗಳು ಮೂರು: 1–2, 3–4, ಊಟದ ನಂತರ 5–6. ಸೋಮವಾರದಿಂದ ಶುಕ್ರವಾರದವರೆಗೆ 15. ಮೂರು ತರಗತಿಗೂ ಮೂರು ಮೂರು ವಿಭಾಗ ಇರುವ ದೊಡ್ಡ ಶಾಲೆಗೆ ಬೇಕಾದದ್ದು 9 ಜೋಡಿ. ಒಂದೇ ಪ್ರಯೋಗಾಲಯ ಸಾಕು, ಗಣಿತಕ್ಕೂ ಜಾಗ ಮಿಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು 1–2, ಯಾಕೆಂದರೆ ಪ್ರಾರ್ಥನೆಗೆ ಮುಂಚೆಯೇ ಮೇಜು ಸಿದ್ಧಮಾಡಬಹುದು. 6–7 ಬೇಡ, ಬಸ್ಸಿಗೆ ಹೋಗುವ ಮಕ್ಕಳ ಮನಸ್ಸು ಆಗಲೇ ಗೇಟಿನಲ್ಲಿರುತ್ತದೆ, ತೊಳೆಯುವ ಕೆಲಸ ಯಾರಿಗೂ ಸೇರುವುದಿಲ್ಲ. ಶನಿವಾರವಂತೂ ಬೇಡವೇ ಬೇಡ. ಜಯಂತಿ, ಸಭೆ, ತರಬೇತಿ ಏನೇ ಬಂದರೂ ಮೊದಲು ಹೋಗುವುದು ಶನಿವಾರದ ಪಿರಿಯಡ್. ಭಾಷೆಯ ಶಿಕ್ಷಕರು ಪಿರಿಯಡ್ ಕಳೆದುಕೊಳ್ಳುವುದಿಲ್ಲ. ಮಂಗಳವಾರದ ವಿಜ್ಞಾನ ಸೋಮವಾರಕ್ಕೆ, ಸೋಮವಾರದ ಕನ್ನಡ ಮಂಗಳವಾರಕ್ಕೆ, ಇಷ್ಟೇ ಅದಲು ಬದಲು.

ಜೊತೆಗೆ ಖರ್ಚಾಗುವ ಸಾಮಾನು. 50 ಮಕ್ಕಳ ಒಂದು ವಿಭಾಗಕ್ಕೆ ಮೇಲೆ ಹೇಳಿದ ಪಾಠಗಳಿಗೆ ವರ್ಷಕ್ಕೆ ಬೇಕಾದದ್ದು ಇಷ್ಟು: ಮೈಲುತುತ್ತ 100 ಗ್ರಾಂ, ಸ್ಪಿರಿಟ್ ಅರ್ಧ ಲೀಟರ್, ಪೊವಿಡೋನ್ ಅಯೋಡಿನ್ 100 ಮಿ.ಲೀ., ಸೆಲ್ 40, ಸ್ಟೌ ಕಾಯಿಲ್ 3, ಕಬ್ಬಿಣದ ಮೊಳೆ ಕಾಲು ಕಿಲೋ, ಸ್ಯಾಂಡ್‌ಪೇಪರ್ 5 ಹಾಳೆ, ವೀಳ್ಯದ ಸುಣ್ಣ ಒಂದು ಡಬ್ಬಿ. ದುಡ್ಡು ದೊಡ್ಡದಲ್ಲ. ತೊಡಕು ಬಿಲ್ಲಿನದು. ಗೊಬ್ಬರದಂಗಡಿಯವರು 100 ಗ್ರಾಂ ಮೈಲುತುತ್ತಕ್ಕೆ, ಬೀಡಾ ಅಂಗಡಿಯವರು ಸುಣ್ಣಕ್ಕೆ ಜಿ.ಎಸ್.ಟಿ. ಬಿಲ್ ಕೊಡುವುದಿಲ್ಲ. ಇಂಥ ಚಿಲ್ಲರೆ ಖರೀದಿಗೆ ಮುಖ್ಯ ಶಿಕ್ಷಕರು ಸಹಿ ಮಾಡಿದ ವೋಚರ್, ದಾಸ್ತಾನು ವಹಿಯಲ್ಲಿ ನಮೂದು ಇದ್ದರೆ ಸಾಕು ಎಂದು ಒಂದು ಸಾಲಿನ ಆದೇಶ ಹೊರಡಿಸಿ.

ಎಸ್‌ಎಸ್‌ಎಲ್‌ಸಿಯಲ್ಲಿ ವಿಜ್ಞಾನದ 100 ಅಂಕಗಳಲ್ಲಿ 20 ಆಂತರಿಕ. ಆ ಅಂಕಕ್ಕೆ ದಾಖಲೆ ಕೇಳುವಾಗ ಮಕ್ಕಳು ಬೀಕರ್ ಹಿಡಿದು ನಿಂತ ಫೋಟೊದ ಬದಲು ಪ್ರತಿ ಗುಂಪಿನಿಂದ ಒಂದು ಪುಟ ಕೇಳಿ: ಅಳತೆ ಎಷ್ಟು ಬಂತು, ಎಷ್ಟು ಬರಬೇಕಿತ್ತು, ವ್ಯತ್ಯಾಸ ಯಾಕೆ. 12 ಮತ್ತು 4 ಎಂದು ಬರೆದು ಕಾರಣ ಕೊಟ್ಟ ಗುಂಪಿಗೆ ಪೂರ್ಣ ಅಂಕ ಕೊಡಬಹುದು ಎಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಇರಲಿ. ಅಲ್ಲಿ ಬರೆದಿರದಿದ್ದರೆ ತಪಾಸಣೆಗೆ ಬಂದವರ ಎದುರು ಅದನ್ನು ಸಮರ್ಥಿಸಿಕೊಳ್ಳುವುದು ಕಷ್ಟ.

ಶಾಲೆ ಶುರುವಾಗುವ ಮುನ್ನ, ಮೇ ಕೊನೆಯೊಳಗೆ ಈ ಆದೇಶ ಬಂದರೆ ಮಾತ್ರ ಉಪಯೋಗ. ಜೂನ್ ಎರಡನೇ ವಾರದ ಹೊತ್ತಿಗೆ ಪ್ರತಿ ಶಾಲೆಯ ವೇಳಾಪಟ್ಟಿಯೂ ಗೋಡೆಗೆ ಅಂಟಿರುತ್ತದೆ. ಆಮೇಲೆ ಒಂದು ಪಿರಿಯಡ್ ಕದಲಿಸಲು ಹೋದರೆ ಹನ್ನೆರಡು ಜನರ ಪಿರಿಯಡ್ ಕದಲಬೇಕು.

ಇಂತಿ,
ಪ್ರೌಢಶಾಲೆಗಳ ವಿಜ್ಞಾನ ಮತ್ತು ಗಣಿತ ಶಿಕ್ಷಕರು